ಎರಡು ತುದಿಯಲ್ಲೂ ದೊಡ್ಡ ಆಮೆ

ಆಮೆಯ ಬೆನ್ನ ಮೇಲೆ ಟೇಪು ಎಳೆದು ಬರೆದುಕೊಂಡ ಉದ್ದವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಫ್ರಿಕಾದ ಚಿರತೆ ಆಮೆಯ ಚಿಪ್ಪು ಎತ್ತರಕ್ಕೆ ಉಬ್ಬಿರುತ್ತದೆ. ಆ ಉಬ್ಬಿನ ಮೇಲೆ ಟೇಪು ಹಾಯಿಸಿದರೆ ನಿಜವಾದ ಉದ್ದಕ್ಕಿಂತ ಕಾಲು ಭಾಗವೋ, ಇನ್ನೂ ಜಾಸ್ತಿಯೋ ಬರುತ್ತದೆ. 40 ಸೆಂಟಿಮೀಟರಿನ ಆಮೆ ಪುಸ್ತಕದಲ್ಲಿ 50 ದಾಟಿಬಿಡುತ್ತದೆ. ಒಬ್ಬರು ಟೇಪಿನಲ್ಲಿ, ಇನ್ನೊಬ್ಬರು ನೇರ ಉದ್ದ ಕೊಡುವ ಕ್ಯಾಲಿಪರಿನಲ್ಲಿ ಅಳೆದು, ಆಮೇಲೆ 'ನಮ್ಮ ಕಡೆಯ ಉಪಪ್ರಭೇದವೇ (ಅಂದರೆ ಒಂದೇ ಜಾತಿಯೊಳಗೆ ಆಯಾ ಸೀಮೆಯ ಬಗೆಯೇ) ದೊಡ್ಡದು' ಅಂತ ವಾದಕ್ಕೆ ಕೂತರೆ ಅದಕ್ಕೆ ತಲೆಬುಡ ಇರುತ್ತದಾ?

ವನ್ಯಜೀವಿ ಶಾಸ್ತ್ರ ಓದಿದ ಮೇಲೆ ನಾನು ಆಫ್ರಿಕಾದಲ್ಲಿ ಆಮೆ ಅಳೆಯುವ ಕೆಲಸಕ್ಕೆ ಸೇರಿಕೊಂಡೆ. ಮೊದಲು ಕೀನ್ಯಾದ ಲೈಕಿಪಿಯಾ ಬಯಲಿನಲ್ಲಿ, ಆಮೇಲೆ ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್‌ನಲ್ಲಿ, ಅಡ್ಡೋ ಆನೆ ಉದ್ಯಾನದ ಸುತ್ತಮುತ್ತ. ಎರಡೂ ಕಡೆ ಪರವಾನಗಿ ಇದ್ದ ಸಂಶೋಧಕರ ಕೈಕೆಳಗೆ. ಕಾಡಿನ ಆಮೆಯನ್ನು ಸುಮ್ನೆ ಯಾರೂ ಎತ್ತುವ ಹಾಗಿಲ್ಲ.

ಈ ಆಮೆಗೆ ವೈಜ್ಞಾನಿಕ ಹೆಸರಿಟ್ಟವನು ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಥಾಮಸ್ ಬೆಲ್, 1828ರಲ್ಲಿ. 1935ರಲ್ಲಿ ಇನ್ನೊಬ್ಬ ಪ್ರಾಣಿಶಾಸ್ತ್ರಜ್ಞ ಆರ್ಥರ್ ಲವ್‌ರಿಜ್ ಉಗಾಂಡಾದ ಡೆಬಾಸಿಯನ್ ಬೆಟ್ಟದ ಆಮೆಯನ್ನು ನೋಡಿ 'ಬ್ಯಾಬ್ಕಾಕಿ' ಅಂತ ಒಂದು ಉಪಪ್ರಭೇದ ಮಾಡಿದ. ಅಲ್ಲಿಂದ ಎರಡು ಚೀಟಿ ಹುಟ್ಟಿಕೊಂಡವು. ದಕ್ಷಿಣದ ತುದಿಯಲ್ಲಿರುವುದು 'ಪಾರ್ಡಾಲಿಸ್', ಉಳಿದ ಕಡೆಯದೆಲ್ಲ 'ಬ್ಯಾಬ್ಕಾಕಿ'. ಸಾಕುವವರು ಮರಿಯ ಚಿಪ್ಪಿನ ಬಿಲ್ಲೆಗಳ ಮೇಲಿನ ಚುಕ್ಕೆ ಎಣಿಸುತ್ತಾರೆ. ಬಿಲ್ಲೆಗೆ ಎರಡಿದ್ದರೆ ಪಾರ್ಡಾಲಿಸ್, ಒಂದಿದ್ದರೆ ಅಥವಾ ಇಲ್ಲದಿದ್ದರೆ ಬ್ಯಾಬ್ಕಾಕಿ. ಅದರ ಜೊತೆಗೆ 'ಪಾರ್ಡಾಲಿಸ್ ಅಂದರೆ ದೊಡ್ಡದು' ಅನ್ನುವ ಮಾತೂ ಸೇರಿಕೊಂಡಿತು.

ನಮ್ಮ ಕ್ಯಾಲಿಪರ್ ಮರದ ದಪ್ಪ ಅಳೆಯಲು ಅರಣ್ಯದವರು ಬಳಸುವಂಥದ್ದು, ಎರಡು ಉದ್ದ ತೋಳಿನದು. ಒಂದು ತೋಳು ಚಿಪ್ಪಿನ ಮುಂದಿನ ಅಂಚಿಗೆ, ಇನ್ನೊಂದು ಬಾಲದ ಮೇಲಿನ ಬಿಲ್ಲೆಗೆ. ನೇರ ಗೆರೆ, ಅಷ್ಟೆ. ಕ್ಯಾಲಿಪರ್ ಇಲ್ಲದ ಕಡೆ ಆಮೆಯ ಹಿಂದೊಂದು ಮುಂದೊಂದು ಹಲಗೆ ನೆಟ್ಟಗೆ ನಿಲ್ಲಿಸಿ, ನಡುವಿನ ದೂರ ಅಳೆಯುತ್ತಿದ್ದೆವು. ಅದೂ ಚೆನ್ನಾಗಿಯೇ ಬರುತ್ತದೆ. ಆಮೇಲೆ ಅಗಲ, ಎತ್ತರ. ಕೊನೆಗೆ ಬಟ್ಟೆಯ ಜೋಲಿಯಲ್ಲಿ ಕೂರಿಸಿ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ ತೂಕ.

ತೂಕ ಮಾತ್ರ ಬಹಳ ಮೋಸ ಮಾಡುತ್ತದೆ. ಈ ಆಮೆಗಳು ಮೂತ್ರಕೋಶದಲ್ಲಿ ನೀರು ಕೂಡಿಟ್ಟುಕೊಳ್ಳುತ್ತವೆ. ಮಳೆ ಬಿದ್ದ ಮರುದಿನ ಹೊಟ್ಟೆ ತುಂಬ ಕುಡಿದ ಆಮೆಯೂ ಬೇಸಿಗೆಯ ಕೊನೆಯಲ್ಲಿ ಸಿಕ್ಕ ಅದೇ ಆಮೆಯೂ ತಕ್ಕಡಿಯಲ್ಲಿ ಬೇರೆ ಬೇರೆ. ಹೆದರಿದರೆ ಆ ನೀರನ್ನೆಲ್ಲ ಬಿಟ್ಟುಬಿಡುತ್ತದೆ. ಒಣ ಸೀಮೆಯಲ್ಲಿ ಅದು ಅದಕ್ಕೆ ದೊಡ್ಡ ನಷ್ಟ. ಹಾಗಾಗಿ ನಮ್ಮ ತಂಡದಲ್ಲಿ ನಿಯಮ ಕಟ್ಟುನಿಟ್ಟು: ಹಿಂದಿನಿಂದ ಹೋಗಬೇಕು, ನೆಲದಿಂದ ಗೇಣಿಗಿಂತ ಮೇಲೆ ಎತ್ತಬಾರದು, ಮಗುಚಬಾರದು, ಅಳತೆ ಮುಗಿದ ಕೂಡಲೇ ಸಿಕ್ಕ ಜಾಗದಲ್ಲೇ ಬಿಡಬೇಕು. ಅಷ್ಟಾದರೂ ಕೆಲವು ಮೂತ್ರ ಮಾಡುತ್ತವೆ. ಅಂಥವುಗಳ ತೂಕವನ್ನು ಬೇರೆ ಗುರುತು ಹಾಕಿ ಬರೆದಿಡುತ್ತಿದ್ದೆವು. ಹಿಂಗಾಲಿನ ಸಂದಿಯಲ್ಲಿ ಗೊಂಚಲು ಗೊಂಚಲು ಉಣುಗು ಸಿಗುತ್ತದೆ. ಅದನ್ನೂ ನೋಡುತ್ತಿದ್ದೆವು. ಇಂಥ ಉಣುಗು ದನಗಳಿಗೆ ರೋಗ ತರುತ್ತದೆಂಬ ಭಯದಿಂದಲೇ ಅಮೆರಿಕ 2000ದಲ್ಲಿ ಈ ಆಮೆಯ ಆಮದು ನಿಲ್ಲಿಸಿದ್ದು.

ಇನ್ನೊಂದು ಮುಖ್ಯ ವಿಷಯ, ಯಾರನ್ನು ಯಾರ ಜೊತೆ ಹೋಲಿಸುತ್ತೀರಿ ಅನ್ನುವುದು. ಬಹಳ ಕಡೆ ಹೆಣ್ಣೇ ಗಂಡಿಗಿಂತ ದೊಡ್ಡದು. ಒಂದು ಊರಿನಲ್ಲಿ ಹೆಣ್ಣು ಜಾಸ್ತಿ ಸಿಕ್ಕಿ, ಇನ್ನೊಂದರಲ್ಲಿ ಗಂಡು ಜಾಸ್ತಿ ಸಿಕ್ಕರೆ ಸರಾಸರಿಯೇ ಅಡ್ಡದಾರಿ ಹಿಡಿಯುತ್ತದೆ. ಬಾಲದ ಉದ್ದ, ಹೊಟ್ಟೆಚಿಪ್ಪಿನ ತಗ್ಗು ನೋಡಿ ಗಂಡು ಹೆಣ್ಣು ಬೇರೆ ಮಾಡಬೇಕು. ಚಿಪ್ಪಿನ ಉಂಗುರ ಎಣಿಸಿ ವಯಸ್ಸು ಹೇಳುವವರಿದ್ದಾರೆ. ಬೆಳೆಯುವ ಮರಿಗೆ ಅದು ಅಷ್ಟಿಷ್ಟು ಸರಿ. ಮುದಿ ಆಮೆಯ ಚಿಪ್ಪು ಸವೆದು ನುಣುಪಾಗಿರುತ್ತದೆ, ಅಲ್ಲಿ ಎಣಿಸುವುದಕ್ಕೆ ಏನೂ ಉಳಿದಿರುವುದಿಲ್ಲ.

ಲೈಕಿಪಿಯಾದಲ್ಲಿ ನನ್ನ ಕೈಗೆ ಸಿಕ್ಕ ದೊಡ್ಡ ಆಮೆಗಳಲ್ಲಿ ಹೆಚ್ಚಿನವು 30-35 ಸೆಂಟಿಮೀಟರ್. ಒಬ್ಬನೇ ಆರಾಮಾಗಿ ಎತ್ತುತ್ತಿದ್ದೆ. ಈಸ್ಟರ್ನ್ ಕೇಪ್‌ನಲ್ಲಿ ಹಾಗಲ್ಲ. ಅಲ್ಲಿನ ಸ್ಪೆಕ್‌ಬೂಮ್ ಪೊದೆಗಳ ನಡುವೆ ಹೊರಬಂದ ಆಮೆಗಳನ್ನು ಜೋಲಿಗೆ ಹಾಕಲು ಇಬ್ಬರು ಬೇಕು. ಸ್ಪೆಕ್‌ಬೂಮ್ ಅಂದರೆ ಬೆಂಗಳೂರಿನ ನರ್ಸರಿಗಳಲ್ಲಿ ಪುಟ್ಟ ಎಲೆಯ ಜೇಡ್ ಅಂತ ಕುಂಡದಲ್ಲಿ ಮಾರುತ್ತಾರಲ್ಲ, ಅದೇ ಗಿಡ. ಅಲ್ಲಿ ಆನೆಯೂ ಅದನ್ನೇ ತಿನ್ನುತ್ತದೆ. ಅಡ್ಡೋದಲ್ಲಿ ಹಿಂದೆ ಒಂದು ಭಾರೀ ಆಮೆ ಇತ್ತು. ಕಾರಿನ ಕೆಳಗೆ ನುಗ್ಗಿ ಕಾರನ್ನೇ ಎತ್ತಲು ನೋಡುತ್ತಿತ್ತಂತೆ. ಅದಕ್ಕೇ ಅದನ್ನು ಡೊಮ್‌ಕ್ರಾಖ್ ಎಂದು ಕರೆದರು. ಅಲ್ಲಿಯ ಆಫ್ರಿಕಾನ್ಸ್ ಭಾಷೆಯಲ್ಲಿ ಹಾಗಂದರೆ ಕಾರು ಎತ್ತುವ ಜಾಕ್. ಉದ್ಯಾನದ ಒಂದು ಕೆರೆಗೂ ಅದೇ ಹೆಸರು.

ಇಷ್ಟು ನೋಡಿದವರು 'ಸರಿ ಹಾಗಾದರೆ, ಪಾರ್ಡಾಲಿಸ್ ದೊಡ್ಡದು, ಬ್ಯಾಬ್ಕಾಕಿ ಚಿಕ್ಕದು' ಅಂದುಬಿಡುತ್ತಾರೆ. ಲೆಕ್ಕ ಕೆಡುವುದು ಇಲ್ಲೇ. ಕೀನ್ಯಾ ದಾಟಿ ಇನ್ನೂ ಉತ್ತರಕ್ಕೆ, ಇಥಿಯೋಪಿಯಾ, ಸೊಮಾಲಿಯಾ ಕಡೆ ಹೋದರೆ ಆಮೆ ಮತ್ತೆ ದೊಡ್ಡದಾಗುತ್ತದೆ. ಈ ಆಮೆ ಬದುಕುವ ಹರವಿನ ಎರಡೂ ತುದಿಗಳಲ್ಲಿ 20 ಕಿಲೋ ತೂಗುವ ಆಮೆ ಅಪರೂಪವಲ್ಲ. ಈ ಜಾತಿಯಲ್ಲಿ ಅತಿ ದೊಡ್ಡವು 70 ಸೆಂಟಿಮೀಟರ್, 40 ಕಿಲೋವರೆಗೆ ಹೋಗುತ್ತವೆ. ಹಳೆಯ ಚೀಟಿಯ ಪ್ರಕಾರ ಸೊಮಾಲಿಯಾದ ಆ ದೈತ್ಯವೂ ಬ್ಯಾಬ್ಕಾಕಿ, ಲೈಕಿಪಿಯಾದಲ್ಲಿ ನಾನು ಒಬ್ಬನೇ ಎತ್ತಿದ್ದೂ ಬ್ಯಾಬ್ಕಾಕಿ. ಗಾತ್ರದಿಂದ ಚೀಟಿ ಅಂಟಿಸುವುದಾದರೆ ಆ ಒಂದೇ ಹೆಸರಿನೊಳಗೇ ಎರಡು ಮೂರು ಬೇಕಾಗುತ್ತದೆ. 2010ರಲ್ಲಿ ಸಂಶೋಧಕ ಉವೆ ಫ್ರಿಟ್ಸ್ ಮತ್ತು ಸಂಗಡಿಗರು ಮೈಟೊಕಾಂಡ್ರಿಯದ (ತಾಯಿಯಿಂದ ಬರುವ) ಡಿಎನ್‌ಎ ನೋಡಿದಾಗ ಎರಡಲ್ಲ, ಏಳು ಕವಲು ಕಂಡವು. ಈಗಿನ ಪಟ್ಟಿಗಳಲ್ಲಿ ಇದನ್ನು ಉಪಪ್ರಭೇದಗಳಿಲ್ಲದ ಒಂದೇ ಪ್ರಭೇದವಾಗಿ ಬರೆಯುತ್ತಾರೆ. ಮಾರುವವರ ಪಟ್ಟಿಯಲ್ಲಿ ಮಾತ್ರ ಆ ಎರಡು ಹೆಸರು ಗಟ್ಟಿಯಾಗಿ ಕೂತಿವೆ, ಯಾಕೆಂದರೆ ಹೆಸರಿಗೆ ಬೆಲೆ ಇದೆ.

ಎರಡೂ ತುದಿಯಲ್ಲಿ ಆಮೆ ದೊಡ್ಡದಾಗುವುದು ಯಾಕೆ? ಚಳಿ ಇರುವ ಕಡೆ ದೊಡ್ಡ ಮೈ ಬಿಸಿ ಉಳಿಸಿಕೊಳ್ಳುತ್ತದೆ ಅನ್ನುವ ವಿವರಣೆ ಕೇಪ್‌ಗೆ ಒಪ್ಪುತ್ತದೆ, ಸೊಮಾಲಿಯಾದ ಬಿಸಿಲಿಗೆ ಒಪ್ಪುವುದಿಲ್ಲ. ನನಗೆ ಮೇವು, ಮಳೆ, ಆಮೆ ಎಷ್ಟು ವರ್ಷ ಬದುಕುತ್ತದೆ ಅನ್ನುವುದೇ ಹೆಚ್ಚು ಮುಖ್ಯ ಅನ್ನಿಸಿದೆ. ಬೇಲಿಯನ್ನೂ ಮರೆಯಬಾರದು. ದಕ್ಷಿಣ ಆಫ್ರಿಕಾದಲ್ಲಿ ನೆಲಕ್ಕೆ ಹತ್ತಿರ ಎಳೆದ ಕರೆಂಟು ತಂತಿಗೆ ಸಿಕ್ಕಿ ಸಾಯುವ ಪ್ರಾಣಿಗಳಲ್ಲಿ ಚಿರತೆ ಆಮೆ ಬಹಳ. ಶಾಕ್ ತಗುಲಿದರೆ ಹಿಂದೆ ಸರಿಯುವ ಬದಲು ಚಿಪ್ಪಿನೊಳಗೆ ಮುದುರಿಕೊಳ್ಳುತ್ತದೆ, ತಂತಿ ಹಾಗೇ ತಾಗಿಕೊಂಡಿರುತ್ತದೆ. ಸಣ್ಣವು ಕೆಳಗೆ ನುಸುಳಿ ಹೋಗುತ್ತವೆ. ಹಾಗಾಗಿ ಅಂಥ ಬೇಲಿ ಇರುವ ಜಮೀನಿನಲ್ಲಿ ಅಳೆದ ಸರಾಸರಿಯನ್ನು ಬೇಲಿಯಿಲ್ಲದ ಜಾಗದ ಜೊತೆ ಇಡಲು ನನಗೆ ಮನಸ್ಸಿಲ್ಲ.

ಸಾಕಿದ ಆಮೆಯನ್ನಂತೂ ಈ ಲೆಕ್ಕಕ್ಕೆ ತರಲೇಬಾರದು. ಅದು ಬೇಗ ಬೆಳೆಯುತ್ತದೆ, ಚಿಪ್ಪು ಗುಡ್ಡೆಗುಡ್ಡೆಯಾಗಿ ಏಳುತ್ತದೆ. ಮೇವು ಬದಲಾದರೆ ಗಾತ್ರವೂ ಬದಲಾಗುತ್ತದೆ.

ಊರಿಗೆ ಬಂದಾಗ ಜನ ಕೇಳುವುದು ನಮ್ಮ ನಕ್ಷತ್ರ ಆಮೆಯ ಬಗ್ಗೆ. ಅಲ್ಲೂ ಇದೇ ಕಥೆ. ರಾಜಸ್ಥಾನ, ಗುಜರಾತಿನ ಕಡೆಯವು ಮತ್ತು ಶ್ರೀಲಂಕಾದವು ದೊಡ್ಡವು, ನಮ್ಮ ದಕ್ಷಿಣದವು ಚಿಕ್ಕವು. ಡಿಎನ್‌ಎಯಲ್ಲೂ ವಾಯವ್ಯ ಮತ್ತು ದಕ್ಷಿಣದ ಗುಂಪುಗಳು ಬೇರೆ. ಕಳ್ಳಸಾಗಣೆಯಲ್ಲಿ ಎಲ್ಲೆಲ್ಲಿನ ಆಮೆಗಳೂ ಒಂದೇ ಚೀಲದಲ್ಲಿ ಸಿಗುತ್ತವೆ, ಅದರಲ್ಲೂ ಹೆಚ್ಚಿನವು ಮರಿಗಳು. ಮರಿಯ ಗಾತ್ರ ನೋಡಿ ಅದು ಯಾವ ಕಡೆಯದು ಅಂತ ಹೇಳಲು ಬರುವುದಿಲ್ಲ. ಕಾಡಿಗೆ ಬಿಡುವ ಮೊದಲು ರಕ್ತದ ಮಾದರಿ ತೆಗೆದು ನೋಡಲೇಬೇಕು.