ಕಲಬುರಗಿಯಿಂದ ದುಬೈಗೆ: ಹೊಸಬರಿಗೆ ಪ್ರಯಾಣದ ಲೆಕ್ಕ

ಬೆಂಗಳೂರು, ಮೈಸೂರು ಕಡೆಯಿಂದ ವರ್ಗವಾಗಿ ಬಂದವರು ದುಬೈಯಲ್ಲಿರುವ ಮಕ್ಕಳನ್ನು ನೋಡಲು ಹೊರಟಾಗ ರೂಢಿಯಂತೆ ಬೆಂಗಳೂರಿನಿಂದಲೇ ಟಿಕೆಟ್ ತೆಗೆಸುತ್ತಾರೆ. ಹಾಗೆ ಮಾಡಬೇಡಿ. ಸುಮಾರು 600 ಕಿ.ಮೀ. ದಕ್ಷಿಣಕ್ಕೆ ಇಳಿದು, ಅಲ್ಲಿಂದ ಮತ್ತೆ ಸುಮಾರು 2,700 ಕಿ.ಮೀ. ಹಾರಬೇಕಾಗುತ್ತದೆ. ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣ ನಮಗೆ ರಸ್ತೆಯಲ್ಲಿ ಸುಮಾರು 240 ಕಿ.ಮೀ.; ಅಲ್ಲಿಂದ ದುಬೈಗೆ ನೇರ ಅಂತರ ಸುಮಾರು 2,550 ಕಿ.ಮೀ. ಮುಂಬೈ–ದುಬೈ 1,930 ಕಿ.ಮೀ. ಮಾತ್ರ, ನಿಜ. ಆದರೆ ಹಾರಾಟದಲ್ಲಿ ಉಳಿಯುವ ಮುಕ್ಕಾಲು ಗಂಟೆಗಾಗಿ ಮುಂಬೈ ರೈಲಿನಲ್ಲಿ ಒಂದು ರಾತ್ರಿ ಕಳೆಯಬೇಕು.

ಗಂಟೆಗೆ 850 ಕಿ.ಮೀ. ವೇಗದಲ್ಲಿ 2,550 ಕಿ.ಮೀ.ಗೆ ಮೂರು ಗಂಟೆ ಸಾಕು ಅನಿಸುತ್ತದೆ. ರನ್‌ವೇಗೆ ಹೋಗುವುದು, ಏರುವುದು, ಇಳಿಯುವುದು ಸೇರಿ ಹೋಗುವಾಗ ಸುಮಾರು 4 ಗಂಟೆ ಹಿಡಿಯುತ್ತದೆ. ಮೇಲೆ ಪಶ್ಚಿಮದ ಗಾಳಿ ಎದುರಾಗುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳುವುದರಿಂದ ಮೂರೂವರೆ ಗಂಟೆಯ ಆಸುಪಾಸು.

ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಟಿಕೆಟ್ಟಿನಲ್ಲಿ ಎರಡೂ ಊರಿನ ಸ್ಥಳೀಯ ಸಮಯವೇ ಇರುತ್ತದೆ: ರಾತ್ರಿ 10ಕ್ಕೆ ಹೊರಟರೆ ಅಲ್ಲಿ 12:30ಕ್ಕೆ ಇಳಿಯುತ್ತೀರಿ, ಅಲ್ಲಿ ರಾತ್ರಿ 10ಕ್ಕೆ ಹತ್ತಿದರೆ ಇಲ್ಲಿ ಬೆಳಗಿನ ಜಾವ 3 ಗಂಟೆ.

ವಿಮಾನ ತಪ್ಪುವುದು ಹೆಚ್ಚಾಗಿ ತಾರೀಖಿನ ಗೊಂದಲದಿಂದ. ಟಿಕೆಟ್ಟಿನಲ್ಲಿ ‘15, 02:30’ ಅಂತಿದ್ದರೆ ನೀವು ಮನೆ ಬಿಡಬೇಕಾದದ್ದು 14ರ ಸಂಜೆ. ಹಿಂದಿನಿಂದ ಲೆಕ್ಕ ಹಾಕಿ: ಮೂರು ಗಂಟೆ ಮೊದಲು, ಅಂದರೆ 14ರ ರಾತ್ರಿ 11:30ಕ್ಕೆ ನಿಲ್ದಾಣದಲ್ಲಿರಬೇಕು, ರಸ್ತೆಗೆ 5 ಗಂಟೆ, ಊಟ, ಪಂಕ್ಚರು, ಟ್ರಾಫಿಕ್ಕಿಗೆ ಒಂದೂವರೆ ಗಂಟೆ. ಸಂಜೆ 5ಕ್ಕೆ ಗಾಡಿ ಬಾಗಿಲಲ್ಲಿರಲಿ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಆಮೇಲೆ ಎಷ್ಟು ಬೇಡಿಕೊಂಡರೂ ತೆರೆಯುವುದಿಲ್ಲ.

ಹುಮನಾಬಾದ್, ಜಹೀರಾಬಾದ್ ದಾಟಿ ಪಟಾನ್‌ಚೆರು ಹತ್ತಿರ ಔಟರ್ ರಿಂಗ್ ರೋಡ್ ಹತ್ತಿ. ಶಂಶಾಬಾದಿಗೆ ಅಲ್ಲಿಂದ ಸುಮಾರು 45 ಕಿ.ಮೀ. ಊರೊಳಗಿನ ದಾರಿ ನಕ್ಷೆಯಲ್ಲಿ ಹತ್ತಿರ ಕಂಡರೂ ಸಂಜೆ ಹೊತ್ತು ಅದರಲ್ಲಿ ಸಿಕ್ಕಿಬೀಳಬೇಡಿ. ಬೀದರಿನವರೂ ಜಹೀರಾಬಾದಿನಲ್ಲಿ ಇದೇ ಹೆದ್ದಾರಿ ಸೇರುತ್ತಾರೆ, ಅವರಿಗೆ ಮೂರು ಗಂಟೆ. ಯಾದಗಿರಿಯವರಿಗೆ ನಾರಾಯಣಪೇಟೆ, ಮಹಬೂಬನಗರದ ದಾರಿ ಸಲೀಸು.

ಟಿಕೆಟ್ ಶಾರ್ಜಾಕ್ಕೋ ದುಬೈಗೋ ನೋಡಿ, ಕರೆದೊಯ್ಯಲು ಬರುವವರಿಗೆ ತಿಳಿಸಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಗರಿಬೇಳೆ ಧಾರಾಳವಾಗಿ ಒಯ್ಯಿರಿ. ಉಪ್ಪಿನಕಾಯಿ ದೊಡ್ಡ ಬ್ಯಾಗಿಗೆ, ಪವರ್ ಬ್ಯಾಂಕ್ ಕೈಚೀಲಕ್ಕೆ. ಗಸಗಸೆ ಮಾತ್ರ ಒಂದು ಕಾಳೂ ಬೇಡ. ಅಲ್ಲಿ ಅದು ಮಾದಕವಸ್ತುಗಳ ಸಾಲಿನಲ್ಲಿದೆ, ಸಿಕ್ಕಿದರೆ ಜೈಲೂ ಆಗಬಹುದು. ಮಸಾಲೆಪುಡಿ ಮನೆಯಲ್ಲಿ ಕುಟ್ಟಿದ್ದಾದರೆ ಅದರಲ್ಲಿ ಗಸಗಸೆ ಬಿದ್ದಿದೆಯೇ ಎಂದು ಕೇಳಿಯೇ ಕಟ್ಟಿಕೊಳ್ಳಿ.