ಒಂದೇ ಚೆಂಡಿಗೆ 22 ಮಕ್ಕಳು ಬೇಡ

ಹೋದ ಬೇಸಿಗೆಯಲ್ಲಿ ನಮ್ಮ ಬಡಾವಣೆಯ ಖಾಲಿ ಸೈಟಿನಲ್ಲಿ 22 ಮಕ್ಕಳನ್ನು ಸೇರಿಸಿ, ಒಂದೇ ಚೆಂಡು ಕೊಟ್ಟು ಫುಟ್‌ಬಾಲ್ ಆಡಿಸಿದೆ. ಒಬ್ಬ ಹುಡುಗನ ಕಾಲಿಗೆ ಅರ್ಧ ಗಂಟೆಯಲ್ಲಿ ಚೆಂಡು ಸಿಕ್ಕಿದ್ದು ಮೂರೇ ಸಲ. ಉಳಿದ ಹೊತ್ತು ಸುಮ್ನೆ ನಿಂತು ಜೇಬಿನ ಮಂಡಕ್ಕಿ ತಿನ್ನುತ್ತಿದ್ದ. ತಪ್ಪು ನನ್ನದೇ.

ನೀವು ನಾಲ್ಕು ನಾಲ್ಕು ಮಕ್ಕಳ ತಂಡ ಮಾಡಿ. ಗೋಲಿಗೆ ಎರಡು ಚಪ್ಪಲಿ ಸಾಕು. ಸೈಜ್ 4ರ ಚೆಂಡು (ದೊಡ್ಡವರದಕ್ಕಿಂತ ಕೊಂಚ ಚಿಕ್ಕದು) ತಂದು ಸ್ವಲ್ಪ ಗಾಳಿ ತೆಗೆಯಿರಿ. ಹೆಬ್ಬೆರಳಲ್ಲಿ ಒತ್ತಿದರೆ ಕೊಂಚ ತಗ್ಗಬೇಕು, ಅಷ್ಟೆ. ಜಾಸ್ತಿ ಪುಟಿಯದ ಚೆಂಡು ಕಾಲಿನ ಹತ್ತಿರವೇ ಇರುತ್ತದೆ. ಇದು ಫುಟ್ಸಾಲ್ ಲೆಕ್ಕ, ಅಂದರೆ ಚಿಕ್ಕ ಅಂಗಳದಲ್ಲಿ ಕಮ್ಮಿ ಜನ ಆಡುವ ಫುಟ್‌ಬಾಲ್. 1930ರಲ್ಲಿ ಉರುಗ್ವೆಯಲ್ಲಿ ಹುಟ್ಟಿದ ಆಟ. ಬ್ರೆಜಿಲ್‌ನ ಹೆಸರಾಂತ ಆಟಗಾರರಾದ ರೊನಾಲ್ಡಿನೊ, ನೇಮಾರ್ ಚಿಕ್ಕಂದಿನಲ್ಲಿ ಆಡಿದ್ದು ಇದನ್ನೇ. ಉರುಗ್ವೆಯಲ್ಲಿ ಇರುವುದು ಸುಮಾರು 35 ಲಕ್ಷ ಜನ, ಗೆದ್ದ ವಿಶ್ವಕಪ್ ಎರಡು!

ಜನ ಜಾಸ್ತಿ ಇದ್ದರೆ ಸಾಲದು, ಅಲ್ವಾ? ಐಸ್‌ಲ್ಯಾಂಡ್ ದೇಶದಲ್ಲಿ ನಮ್ಮ ದಾವಣಗೆರೆ ಊರಿಗಿಂತ ಕಮ್ಮಿ ಜನ. ಚಳಿಯಲ್ಲೂ ಆಡಲು ಒಳಾಂಗಣ ಮೈದಾನ ಕಟ್ಟಿದರು. ಪುಟ್ಟ ಮಕ್ಕಳಿಗೂ ತರಬೇತಿ ಪಡೆದ ಕೋಚ್‌ಗಳನ್ನೇ ಇಟ್ಟರು. 2016ರ ಯೂರೊ, ಅಂದರೆ ಯುರೋಪ್ ದೇಶಗಳ ಫುಟ್‌ಬಾಲ್ ಟೂರ್ನಿಯಲ್ಲಿ, ಇಂಗ್ಲೆಂಡನ್ನು 2-1ರಿಂದ ಸೋಲಿಸಿದರು. ಹಾಗಾಗಿ ಕಬ್ಬಿಣದ ಗೋಲ್‌ಪೋಸ್ಟಿಗೆ ಚಂದಾ ಎತ್ತುವ ಮೊದಲು, ಅದೇ ದುಡ್ಡಲ್ಲಿ ಒಬ್ಬರನ್ನು ಕೋಚಿಂಗ್ ಕೋರ್ಸಿಗೆ ಕಳಿಸಿ.

ಇನ್ನೊಂದು ಮಾತು. ಮಕ್ಕಳನ್ನು ಸಾಲಲ್ಲಿ ನಿಲ್ಲಿಸಿ ಕಾಯಿಸಬೇಡಿ. ಕೂಗಾಡುವ ಅಪ್ಪಂದಿರನ್ನು ಗೆರೆಯಿಂದ ದೂರ ಕೂರಿಸಿ. ಬೆಳಗ್ಗೆ ಆರೂವರೆಗೆ ಶುರು ಮಾಡಿ, ಎಂಟಕ್ಕೆ ಮುಗಿಸಿ. ಏಪ್ರಿಲ್‌ನಲ್ಲಿ ನಮ್ಮೂರ ಬಿಸಿಲು ಗೊತ್ತಲ್ಲ.