ಪೈನ್ ಜಾತಿಯ ಮರಗಳ ತಳಿ ಸುಧಾರಣೆ: ತಾಯಿ ಮರ ಆರಿಸುವುದು ಹೇಗೆ?

ಬೆಂಗಳೂರಲ್ಲಿ ಪೈನ್ ಕಾಡಿಲ್ಲ, ನಿಜ. ಆದರೆ ತಾಯಿ ಮರ, ಅಂದರೆ ಮುಂದಿನ ತಲೆಮಾರಿಗೆ ಕುಡಿ-ಬೀಜ ಕೊಡುವ ಮರ, ಗುರುತಿಸಲು ಕಣ್ಣು ಪಳಗಿಸೋಕೆ ಲಾಲ್‌ಬಾಗ್‌ನ ಅರೌಕೇರಿಯಾ ಮರಗಳು (ಪೈನ್‌ನ ದೂರದ ನೆಂಟರು) ಸಾಕು. ಬೆಳಗ್ಗೆ ಹೋಗಿ ಬುಡದಲ್ಲಿ ನಿಂತು ಮೇಲೆ ನೋಡಿ. ಕಾಂಡ ನೇರವಾಗಿದೆಯಾ? ಕವಲೊಡೆದಿದೆಯಾ? ಕೊಂಬೆ ದಪ್ಪ ಇದ್ದರೆ ನಾಳೆ ಹಲಗೆಯಲ್ಲಿ ದೊಡ್ಡ ಗಂಟು ಬರುತ್ತದೆ, ಅಲ್ವಾ?

ನೆಡುತೋಪಿನಲ್ಲಿ ಆರಿಸುವಾಗ ಒಂದೇ ವಯಸ್ಸಿನ ಅಕ್ಕಪಕ್ಕದ ಮರಗಳ ಜೊತೆ ಹೋಲಿಸಿ. ಸುಮ್ನೆ ಅಂಚಿನ ದಪ್ಪ ಮರ ಹಿಡಿಯಬೇಡಿ. ಅದಕ್ಕೆ ಬಿಸಿಲು ಜಾಸ್ತಿ ಸಿಕ್ಕಿರುತ್ತದೆ ಅಷ್ಟೇ, ಆ ದಪ್ಪ ಬೀಜಕ್ಕೆ ಇಳಿಯುವುದಿಲ್ಲ.

ನನಗೆ ತುಂಬಾ ಇಷ್ಟದ ಕೆಲಸ ಮರದ ಗುಣ ನೋಡುವುದು. ಎದೆ ಎತ್ತರದಲ್ಲಿ ಟೊಳ್ಳು ಬೈರಿಗೆ ತಿರುಗಿಸಿದರೆ 5 ಮಿಲಿಮೀಟರ್ ದಪ್ಪದ, ಪೆನ್ಸಿಲ್‌ಗಿಂತ ತೆಳ್ಳಗಿನ ಕಡ್ಡಿ ಬರುತ್ತದೆ. ಹಸಿ ಇರುವಾಗಲೇ ನೀರಲ್ಲಿ ಮುಳುಗಿಸಿ ಅದರ ಗಾತ್ರ ಅಳೆಯಿರಿ, ಆಮೇಲೆ ಓವನ್‌ನಲ್ಲಿ ಸುಮಾರು 103 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಒಣ ತೂಕವನ್ನು ಹಸಿ ಗಾತ್ರದಿಂದ ಭಾಗಿಸಿ. ಇದೇ ಸಾಂದ್ರತೆ. ಪೈನ್‌ನಲ್ಲಿ ತಿರುಳಿನ (ಕಾಂಡದ ನಟ್ಟನಡುವಿನ ಭಾಗ) ಹತ್ತಿರದ ಮರ ಹಗುರ, ಆದ್ದರಿಂದ ತಿರುಳಿನಿಂದ ಎಣಿಸಿ ಅದೇ ವಯಸ್ಸಿನ ಉಂಗುರಗಳನ್ನೇ ಹೋಲಿಸಬೇಕು. ನ್ಯೂಜಿಲೆಂಡ್‌ನಲ್ಲಿ ಬೆಳೆಸುವ ರೇಡಿಯೇಟಾ ಪೈನ್‌ನಲ್ಲಿ ಬೇಗ ಬೆಳೆಯುವ ಮರದ ಸಾಂದ್ರತೆ ಕಡಿಮೆಯಾಗುವ ಒಲವಿದೆ. ಬೆಳವಣಿಗೆ, ಸಾಂದ್ರತೆ ಎರಡೂ ಚೆನ್ನಾಗಿರುವ ಮರ ಸಿಕ್ಕರೆ ಬಿಡಲೇಬೇಡಿ!

ಆಯ್ದ ಮರಗಳ ಕುಡಿ ತಂದು ಕಸಿ ಕಟ್ಟಿ ಬೀಜದ ತೋಟ ಮಾಡಿ. ಹತ್ತಾರು ತಾಯಿ ಮರ ಇರಲಿ, ಇಲ್ಲದಿದ್ದರೆ ನೆಂಟರೊಳಗೇ ಪರಾಗ ಸೇರಿ ಸಸಿ ಸೊರಗುತ್ತವೆ. ಬೇರೆ ಬೇರೆ ಊರಲ್ಲಿ ಪ್ರತಿ ತಾಯಿಯ ಮಕ್ಕಳನ್ನು, ಅಂದರೆ ಅದರ ಬೀಜದ ಸಸಿಗಳನ್ನು, ನೆಟ್ಟು ನೋಡಿ. ಮಕ್ಕಳು ಸೊಟ್ಟಗೆ ಬಂದರೆ ಆ ತಾಯಿಯ ಕಸಿಗಳನ್ನು ತೋಟದಿಂದ ತೆಗೆದುಬಿಡಿ.